ಕಂದು ಬಣ್ಣದ ಬ್ಯಾಲೆ ಶೂ, ಶನಿವಾರದ ಕ್ಲಾಸು: ಬರ್ಮಿಂಗ್‌ಹ್ಯಾಮ್‌ನಿಂದ ಒಬ್ಬ ಅಮ್ಮನ ರಿವ್ಯೂ

ಮಾರ್ಕ್ಸ್ ಮೊದಲೇ ಕೊಟ್ಟುಬಿಡುತ್ತೇನೆ, ಪೂರ್ತಿ ಓದುವಷ್ಟು ಟೈಮ್ ಎಲ್ಲರಿಗೂ ಇರುವುದಿಲ್ಲ. ಮೈಬಣ್ಣದ ಶೂ ಮತ್ತು ಟೈಟ್ಸ್‌ಗೆ ಐದಕ್ಕೆ ನಾಲ್ಕೂವರೆ. ಶನಿವಾರದ ಬ್ಯಾಲೆ ಕ್ಲಾಸಿಗೆ ಐದಕ್ಕೆ ಮೂರು. ಕ್ರಿಸ್ಮಸ್ ಶೋಗೆ ಒಂದೂವರೆ. ಆ ಅರ್ಧ ಮಾರ್ಕು ಕೂಡ ಇಂಟರ್ವಲ್‌ನಲ್ಲಿ ಸಿಕ್ಕ ಕೇಕಿಗೆ.

ಇಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಕನ್ನಡದವರ ವಾಟ್ಸಾಪ್ ಗ್ರೂಪ್‌ನಲ್ಲಿ ಸೆಪ್ಟೆಂಬರ್ ಬಂತು ಅಂದರೆ ಇದೇ ಮಾತು. ಮಗಳನ್ನು ಬ್ಯಾಲೆಗೆ ಹಾಕೋದಾ, ಭರತನಾಟ್ಯಕ್ಕೆ ಹಾಕೋದಾ, ಫೀಸ್ ಎಷ್ಟು, ಪಾರ್ಕಿಂಗ್ ಸಿಗುತ್ತಾ. ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಗ್ರೂಪ್‌ನಲ್ಲಿ ಕೇಳುವುದಿಲ್ಲ. ರಾತ್ರಿ ಬೇರೆಯಾಗಿ ಮೆಸೇಜ್ ಹಾಕಿ ಕೇಳುತ್ತಾರೆ: ಅಲ್ಲಿ ನಮ್ಮ ಬಣ್ಣದ ಮಕ್ಕಳು ಬೇರೆ ಯಾರಾದರೂ ಇದ್ದಾರಾ? ನನ್ನ ಮಗಳು ಎರಡೂ ಕಲಿಯುತ್ತಿದ್ದಾಳೆ, ಶನಿವಾರ ಬ್ಯಾಲೆ, ಭಾನುವಾರ ಭರತನಾಟ್ಯ, ಹಾಗಾಗಿ ಎಲ್ಲರಿಗೂ ಒಂದೇ ಸಲ ಉತ್ತರ ಹೇಳಿಬಿಡೋಣ ಅಂತ ಕೂತೆ. ಸ್ಕೂಲಿನ ಹೆಸರು ಹೇಳುವುದಿಲ್ಲ, ಯಾರೂ ಕೇಳಬೇಡಿ. ಚರ್ಚ್ ಹಾಲ್ ಬಾಡಿಗೆ ಹಿಡಿದು ನಡೆಸುವ ಸಣ್ಣ ಸ್ಕೂಲು, ಜನ ಒಳ್ಳೆಯವರು, ಇಂಥವು ಈ ದೇಶದ ಪ್ರತಿ ಊರಲ್ಲೂ ಇವೆ.

ಶೂಗಳಿಂದ ಶುರು ಮಾಡೋಣ.

ಬ್ಯಾಲೆ ಅಂದರೆ ಗುಲಾಬಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಆ ಗುಲಾಬಿ ಹುಡುಗಿಯರು ಮುದ್ದಾಗಿ ಕಾಣಲಿ ಅಂತ ಬಂದದ್ದಲ್ಲ. ಯುರೋಪಿನವರ ಕಾಲಿನ ಬಣ್ಣಕ್ಕೆ ಹತ್ತಿರ ಅಂತ ಬಂದದ್ದು. ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ, ಎಲ್ಲೂ ತುಂಡಾಗದೆ ಕಾಣಬೇಕು ಅನ್ನೋದು ಬ್ಯಾಲೆಯ ಲೆಕ್ಕ. ಟೀಚರ್‌ಗಳು ಇದಕ್ಕೆ ಲೈನ್ ಅನ್ನುತ್ತಾರೆ. ಬಿಳಿ ಮಗುವಿಗೆ ಗುಲಾಬಿ ಹಾಕಿದರೆ ಆ ಗೆರೆ ಉಳಿಯುತ್ತದೆ. ನಮ್ಮ ಮಗುವಿಗೆ ಅದೇ ಗುಲಾಬಿ ಹಾಕಿದರೆ ಮುಖ, ತೋಳು ಒಂದು ಬಣ್ಣ, ಕಾಲು ಇನ್ನೊಂದು ಬಣ್ಣ. ಹಾಗಾದರೆ ಲೈನ್ ಬೇಕು ಅನ್ನುವವರೇ ಕಂದು ಮಗುವಿಗೆ ಕಂದು ಟೈಟ್ಸ್ ಹಾಕಿ ಅನ್ನಬೇಕಿತ್ತು, ಅಲ್ವಾ? ಅನ್ನಲಿಲ್ಲ. ಎಷ್ಟೋ ದಶಕ ಎಲ್ಲರಿಗೂ ಗುಲಾಬಿಯನ್ನೇ ಹಾಕಿಸಿದರು.

ಇದನ್ನು ಮೊದಲು ಧೈರ್ಯವಾಗಿ ಬದಲಿಸಿದ್ದು ನ್ಯೂಯಾರ್ಕಿನ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್. ಆರ್ಥರ್ ಮಿಚೆಲ್ ಅಂತ, ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ ಮುಖ್ಯ ಡಾನ್ಸರ್ ಆಗಿದ್ದ ಕಪ್ಪು ಕಲಾವಿದ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು. ಆಮೇಲೆ ತಾನು ಬೆಳೆದ, ಕಪ್ಪು ಜನರೇ ಹೆಚ್ಚಾಗಿದ್ದ ಹಾರ್ಲೆಮ್ ಬಡಾವಣೆಯ ಮಕ್ಕಳಿಗೆ ಕಲಿಸಲೇಬೇಕು ಅಂತ ಅವರು ಗ್ಯಾರೇಜ್ ಒಂದರಲ್ಲಿ ಕ್ಲಾಸ್ ಶುರು ಮಾಡಿದರು. ತಮ್ಮ ಗುರು ಕಾರೆಲ್ ಶೂಕ್ ಜೊತೆ ಸೇರಿ 1969ರಲ್ಲಿ ತಂಡ ಕಟ್ಟಿದರು. 1974ರಿಂದ ಆ ತಂಡದವರು ತಮ್ಮ ತಮ್ಮ ಮೈಬಣ್ಣದ ಟೈಟ್ಸ್, ಶೂ ಹಾಕಿಕೊಂಡೇ ಕುಣಿಯುತ್ತಾರೆ. ಅಂಗಡಿಯಲ್ಲಿ ಸಿಗುತ್ತಿತ್ತಾ? ಇಲ್ಲ. ಟೈಟ್ಸ್‌ಗೆ ಡೈ ಹಾಕಬೇಕು, ಸ್ಯಾಟಿನ್ ಶೂಗೆ ಮುಖದ ಫೌಂಡೇಶನ್ ತಗೊಂಡು ಸ್ಪಾಂಜಿನಲ್ಲಿ ತಟ್ಟಿ ತಟ್ಟಿ ಬಣ್ಣ ಹಿಡಿಸಬೇಕು. ದೊಡ್ಡ ಪಾತ್ರ ಮಾಡುವವರಿಗೆ ಒಂದೇ ಶೋನಲ್ಲಿ ಒಂದು ಜೊತೆ ಪಾಯಿಂಟ್ ಶೂ, ಅಂದರೆ ಬೆರಳ ತುದಿಯ ಮೇಲೆ ನಿಲ್ಲೋಕೆ ಹಾಕುವ ಗಟ್ಟಿ ಮೂತಿಯ ಶೂ, ಮುಗಿದುಹೋಗುವುದೂ ಉಂಟು. ಅಂದರೆ ಮತ್ತೆ ಹೊಸ ಜೊತೆ, ಮತ್ತೆ ಸ್ಪಾಂಜು. ಪಕ್ಕದಲ್ಲಿರುವ ಬಿಳಿ ಡಾನ್ಸರ್ ಆ ಹೊತ್ತಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿರುತ್ತಾಳೆ, ಇವಳು ಶೂಗೆ ಮೇಕಪ್ ಮಾಡುತ್ತಿರುತ್ತಾಳೆ. ಫೌಂಡೇಶನ್ ಡಬ್ಬಿಯ ದುಡ್ಡೂ ಇವಳದೇ.

ಲಂಡನ್ನಿನ ಫ್ರೀಡ್ ಕಂಪನಿ 1929ರಿಂದ ಬ್ಯಾಲೆ ಶೂ ಮಾಡುತ್ತಿದೆ. ಅವರು ಬ್ಯಾಲೆ ಬ್ಲ್ಯಾಕ್ ಅನ್ನುವ ತಂಡದ ಜೊತೆ ಸೇರಿ ಕಂದು ಮತ್ತು ಕಂಚಿನ ಬಣ್ಣದ ಪಾಯಿಂಟ್ ಶೂ ಹೊರತಂದದ್ದು 2018ರಲ್ಲಿ. ನೀವೇ ಲೆಕ್ಕ ಹಾಕಿ, 1974ರಿಂದ 44 ವರ್ಷ. ಅಮೆರಿಕದಲ್ಲಿ 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ ಲಕ್ಷಗಟ್ಟಲೆ ಜನ ಆನ್‌ಲೈನ್‌ನಲ್ಲಿ ಸಹಿ ಹಾಕಿದ ಮೇಲೆ ಕೆಪೀಜಿಯೋ ಅನ್ನುವ ಡಾನ್ಸ್ ಶೂ ಕಂಪನಿ ಕೂಡ ಗಾಢ ಬಣ್ಣದ ಪಾಯಿಂಟ್ ಶೂ ಅಂಗಡಿಗೆ ತರುತ್ತೇವೆ ಅಂದಿತು. ಇಷ್ಟಕ್ಕೂ ಅದು ಬಟ್ಟೆಯ ಬಣ್ಣ ಅಷ್ಟೇ. ಮಾಡೋಕೆ ಕಷ್ಟದ್ದೇನಲ್ಲ, ಯಾರೂ ಕೇಳಿದವರಿಗೆ ಕಿವಿ ಕೊಡಲಿಲ್ಲ.

ನನ್ನ ಮಗಳು ಪಾಯಿಂಟ್ ಶೂ ವಯಸ್ಸಿಗೆ ಇನ್ನೂ ಬಂದಿಲ್ಲ. ಅವಳದು ಮೆತ್ತನೆ ಚರ್ಮದ ಶೂ, ಅಡಿಯಲ್ಲಿ ಪೂರ್ತಿ ಸೋಲ್ ಇರುವಂಥದ್ದು, ಮೇಲೆ ಅಡ್ಡಕ್ಕೆ ಎಲಾಸ್ಟಿಕ್. ಈಗ ಮಕ್ಕಳ ಸೈಜಿನಲ್ಲೂ ಕಂದು ಬಣ್ಣ ಸಿಗುತ್ತದೆ. ಚರ್ಮ ಚೆನ್ನಾಗಿದೆ, ಕಾಲಿಗೆ ಕಚ್ಚುವುದಿಲ್ಲ, ಒಂದು ಟರ್ಮ್ ಪೂರ್ತಿ ಹಾಕಿದರೂ ಬಣ್ಣ ಬಿಟ್ಟಿಲ್ಲ, ಬೆರಳ ಹತ್ತಿರ ಮಾತ್ರ ಸ್ವಲ್ಪ ಉಜ್ಜಿದೆ. ಅದು ಗುಲಾಬಿಯದಕ್ಕೂ ಆಗುತ್ತದೆ, ಗುಲಾಬಿಯಲ್ಲಿ ಕೊಳೆ ಇನ್ನೂ ಜಾಸ್ತಿ ಕಾಣುತ್ತದೆ. ಟೈಟ್ಸ್ ತೊಳೆದರೂ ಆಕಾರ ಕೆಟ್ಟಿಲ್ಲ. ಪಾದದ ಅಡಿಯಲ್ಲಿ ತೂತು ಇರುವಂಥದ್ದು ತಗೊಳ್ಳಿ, ಕ್ಲಾಸ್ ಮುಗಿದ ಮೇಲೆ ಮೇಲಕ್ಕೆ ಮಡಚಿ ಚಪ್ಪಲಿ ಹಾಕಿಕೊಂಡು ಬರಬಹುದು.

ಅರ್ಧ ಮಾರ್ಕ್ ಕಳೆದದ್ದು ಯಾಕೆ ಅಂತ ಕೇಳಿ. ಗುಲಾಬಿ ಟೈಟ್ಸ್ ಅಂಗಡಿಯ ಬಾಗಿಲಲ್ಲೇ ನೇತಾಡುತ್ತಿರುತ್ತವೆ. ಕಂದು ಬೇಕು ಅಂದರೆ ಅಂಗಡಿಯವರು ಕಂಪ್ಯೂಟರ್ ನೋಡಿ 'ತರಿಸಿಕೊಡ್ತೀವಿ' ಅನ್ನುತ್ತಾರೆ. ಶೇಡ್‌ಗಳ ಹೆಸರೆಲ್ಲ ಕಾಫಿ, ಚಾಕೊಲೇಟ್, ಕ್ಯಾರಮೆಲ್. ನಮ್ಮ ಬಣ್ಣಕ್ಕೆ ಹೆಸರಿಡಲು ಕೂತವರಿಗೆ ಅದೇಕೋ ಯಾವಾಗಲೂ ಹೊಟ್ಟೆ ಹಸಿದಿರುತ್ತದೆ. ನಮ್ಮ ಕಡೆಯ ಮೈಬಣ್ಣಕ್ಕೆ ಒಂದು ಶೇಡ್ ತೀರಾ ಕೆಂಪಗೆ, ಅದರ ಮೇಲಿನದು ತೀರಾ ಹಳದಿ, ನಡುವಿನದು ಇಲ್ಲ. ಇನ್ನು ಶೂ ಕಂದು, ಆದರೆ ಅದರ ಜೊತೆ ಡಬ್ಬಿಯಲ್ಲಿ ಬಂದ ಎಲಾಸ್ಟಿಕ್ ಗುಲಾಬಿ! ಅದನ್ನು ಗಟ್ಟಿ ಡಿಕಾಕ್ಷನ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಪರವಾಗಿಲ್ಲ ಅನ್ನುವಷ್ಟು ಬಣ್ಣ ಹಿಡಿಯಿತು, ಶೂ ಬ್ಯಾಗ್ ಮಾತ್ರ ಇನ್ನೂ ಕಾಫಿ ವಾಸನೆ.

ಈಗ ಕ್ಲಾಸು.

ಟೀಚರ್ ಚಿಕ್ಕ ವಯಸ್ಸಿನವರು, ಮಕ್ಕಳು ಮಿಸ್ ಅನ್ನುತ್ತಾರೆ. ಕಲಿಸುವುದರಲ್ಲಿ ನನಗೆ ಒಂದು ದೂರೂ ಇಲ್ಲ. ಮಂಡಿ ಎಲ್ಲಿ ತಿರುಗಬೇಕು, ಎಲ್ಲಿ ತಿರುಗಬಾರದು ಅಂತ ಕೂತು ನೋಡುತ್ತಾರೆ, ಮಕ್ಕಳ ಮೈ ಮುಟ್ಟುವ ಮೊದಲು ಕೇಳುತ್ತಾರೆ, ದಪ್ಪ ಸಣ್ಣ ಅಂತ ಒಂದು ಮಾತು ಆಡುವುದಿಲ್ಲ. ಪರೀಕ್ಷೆ ರಾಯಲ್ ಅಕಾಡೆಮಿ ಆಫ್ ಡಾನ್ಸ್‌ದು. 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ಸಂಸ್ಥೆ, ಗ್ರೇಡ್ ಒಂದರಿಂದ ಎಂಟರವರೆಗೆ ಪರೀಕ್ಷೆ ಮಾಡುತ್ತದೆ. ನಮ್ಮ ಕಡೆ ಜೂನಿಯರ್, ಸೀನಿಯರ್, ವಿದ್ವತ್ ಇರುವಂತೆ ಅಂದುಕೊಳ್ಳಿ.

ಪರೀಕ್ಷೆಗೆ ಮೈಬಣ್ಣದ ಟೈಟ್ಸ್ ಹಾಕಬಹುದು, ಅದಕ್ಕೇನೂ ಅಡ್ಡಿ ಇಲ್ಲ. ಆದರೆ ನಮ್ಮ ಸ್ಕೂಲಿನ ಯೂನಿಫಾರ್ಮ್ ಪಟ್ಟಿಯಲ್ಲಿ ಗುಲಾಬಿ ಅಂತ ಮಾತ್ರ ಇತ್ತು. ನಾನು ಕೇಳಿದೆ. 'ಖಂಡಿತ ಹಾಕಿ' ಅಂದರು ಮಿಸ್, ಖುಷಿಯಿಂದಲೇ ಅಂದರು. ಸರಿ, ಆದರೆ ಕೇಳದವರಿಗೆ ಯಾರು ಹೇಳಬೇಕು? ಮಗಳು ಕಂದು ಟೈಟ್ಸ್ ಹಾಕಿಕೊಂಡು ಹೋದ ಮೇಲೆ ಜಮೈಕಾ ಮೂಲದ ಅಮ್ಮ ಒಬ್ಬರು ಬಂದು ಎಲ್ಲಿ ತಗೊಂಡಿರಿ ಅಂತ ಕೇಳಿದರು. ಅವರ ಮಗಳು ನಮ್ಮವಳಿಗಿಂತ ಮೊದಲೇ ಸೇರಿದವಳು. ಅಷ್ಟು ದಿನವೂ ಗುಲಾಬಿಯಲ್ಲೇ ಬರುತ್ತಿದ್ದಳು, ಯಾರೂ ಹೇಳಿರಲಿಲ್ಲ. ಇಬ್ಬರೂ ಸೇರಿ ಮತ್ತೆ ಹೇಳಿದ ಮೇಲೆ ಪಟ್ಟಿ ಬದಲಾಯಿತು, ಎಲ್ಲರಿಗೂ ಇಮೇಲ್ ಬಂತು. ಈಗ ಹಾಲ್‌ನಲ್ಲಿ ಬೇರೆ ಬೇರೆ ಬಣ್ಣದ ಕಾಲುಗಳು ಕಾಣುತ್ತವೆ. ಕ್ಲಾಸಿಗೆ ಮೂರು ಮಾರ್ಕು ಬಂದದ್ದರಲ್ಲಿ ಒಂದು ಇದಕ್ಕೇ.

ಕೂದಲ ವಿಷಯ ಇನ್ನೂ ಬಗೆಹರಿದಿಲ್ಲ. ಬ್ಯಾಲೆಗೆ ಬನ್ ಬೇಕು, ತಲೆಗೆ ಅಂಟಿದಂತಿರಬೇಕು. ನಮ್ಮ ಮಕ್ಕಳಿಗೆ ಕೂದಲು ದಪ್ಪ ಅನ್ನೋದು ಬಿಟ್ಟರೆ ಕಷ್ಟವಿಲ್ಲ, ಎಣ್ಣೆ ಹಚ್ಚಿ ಬಾಚಿದರೆ ಬಗ್ಗುತ್ತದೆ. ಆದರೆ ಸಣ್ಣ ಸಣ್ಣ ಜಡೆ ಹೆಣೆಸಿಕೊಂಡು ಬರುವ ಕಪ್ಪು ಹುಡುಗಿಯರಿಗೆ, ಅದನ್ನು ಹೆಣೆಯೋಕೆ ಅವರ ಅಮ್ಮಂದಿರು ಗಂಟೆಗಟ್ಟಲೆ ಕೂತಿರುತ್ತಾರೆ, ಫೋಟೋ ದಿನ 'ಇನ್ನೂ ನೀಟಾಗಿ ಬರಬೇಕು' ಅಂತ ಚೀಟಿ ಬಂದರೆ ಏನು ಮಾಡಬೇಕು? ಆ ಜಡೆಗಿಂತ ನೀಟು ಏನಿದೆ?

ಸುಮ್ನೆ ಟೈಟ್ಸು, ಜಡೆ ಅಂತ ಸಣ್ಣ ವಿಷಯ ಹಿಡಿದು ಕೂತಿದ್ದೀಯ ಅಂತ ನಮ್ಮ ಮನೆಯವರೇ ಒಮ್ಮೆ ಅಂದರು. ಸಣ್ಣದಲ್ಲ. ಕ್ಲೋಯೆ ಲೋಪೆಸ್ ಗೋಮ್ಸ್ ಅಂತ ಫ್ರಾನ್ಸಿನ ಡಾನ್ಸರ್, 2018ರಲ್ಲಿ ಬರ್ಲಿನ್ನಿನ ಸರ್ಕಾರಿ ಬ್ಯಾಲೆ ಕಂಪನಿ ಸೇರಿದ ಮೊದಲ ಕಪ್ಪು ಹೆಣ್ಣುಮಗಳು. ಸ್ವಾನ್ ಲೇಕ್ ಬ್ಯಾಲೆಯ ಹಂಸಗಳ ಗುಂಪಿನಲ್ಲಿ ಕುಣಿಯಲು ಮೈಗೆ ಬಿಳಿ ಮೇಕಪ್ ಬಳಿದುಕೋ ಅಂದರು ಅಂತ ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು, ಅದು ಯುರೋಪಿನಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಯಲ್ಲಿ ಪ್ರೆಶಸ್ ಆಡಮ್ಸ್ ಅನ್ನುವ ಕಪ್ಪು ಡಾನ್ಸರ್ ಇನ್ನು ಮುಂದೆ ಗುಲಾಬಿ ಟೈಟ್ಸ್ ಹಾಕುವುದಿಲ್ಲ ಅಂದಾಗ ಅವರ ನಿರ್ದೇಶಕಿ ತಮಾರಾ ರೋಹೋ ಬೆಂಬಲಕ್ಕೆ ನಿಂತರು. ಒಂದೇ ಕಾಲ, ಎರಡು ಕಂಪನಿ. ವ್ಯತ್ಯಾಸ ಎಲ್ಲ ಮೇಲೆ ಕೂತವರದು.

ಸಿಲಬಸ್‌ಗೆ ಬರೋಣ. ಕೆಳಗಿನ ಗ್ರೇಡ್‌ಗಳಲ್ಲಿ ಬ್ಯಾಲೆ ಜೊತೆ ಕ್ಯಾರೆಕ್ಟರ್ ಅಂತ ಒಂದು ಭಾಗ ಇದೆ. ಸ್ವಲ್ಪ ಹಿಮ್ಮಡಿ ಎತ್ತರದ ಕಪ್ಪು ಶೂ, ಅಂಚಿಗೆ ಬಣ್ಣದ ರಿಬ್ಬನ್ ಇರುವ ಕಪ್ಪು ಲಂಗ, ಸೊಂಟದ ಮೇಲೆ ಕೈ. ಮಕ್ಕಳಿಗೆ ಬಲು ಇಷ್ಟ, ನೋಡೋಕೂ ಚೆಂದ. ಅದೆಲ್ಲ ಹಂಗೇರಿ, ಪೋಲೆಂಡ್, ರಷ್ಯಾದ ಜನಪದ ಕುಣಿತದಿಂದ ಬಂದದ್ದು. ಮಗಳು ಕಾರಿನಲ್ಲಿ ಕೇಳಿದಳು, 'ಅಮ್ಮಾ, ಬೇರೆ ದೇಶದವರಿಗೆ ಕ್ಯಾರೆಕ್ಟರ್ ಇಲ್ವಾ?' ಹಳೆಯ ರಷ್ಯನ್ ಬ್ಯಾಲೆಗಳಲ್ಲಿ ಇದ್ದ ಕುಣಿತಗಳೇ ಸಿಲಬಸ್ಸಿಗೂ ಬಂದಿವೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಇದು ಇಂಥ ಊರಿನ ಜನಪದ, ಇಂಥ ಜನ ಮದುವೆಯಲ್ಲಿ, ಸುಗ್ಗಿಯಲ್ಲಿ ಕುಣಿಯುತ್ತಿದ್ದರು ಅಂತ ಎರಡು ಮಾತು ಹೇಳಿದರೆ ಮಕ್ಕಳಿಗೆ ತಮ್ಮ ಊರಿನ ಕುಣಿತವೂ ನೆನಪಾಗುತ್ತದೆ. ಹೇಳುವುದಿಲ್ಲ.

ದೊಡ್ಡ ಮಕ್ಕಳಿರುವವರು ಜಿಸಿಎಸ್‌ಇ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯ, ಡಾನ್ಸ್ ಬಗ್ಗೆಯೂ ಕೇಳುತ್ತಿದ್ದರು. ಎಕ್ಯೂಎ ಅನ್ನುವ ಪರೀಕ್ಷಾ ಬೋರ್ಡಿನ 2016ರ ಸಿಲಬಸ್‌ನಲ್ಲಿ ಮಕ್ಕಳು ಓದಬೇಕಾದ ಕೃತಿಗಳು ಆರು. ಅದರಲ್ಲಿ ಬಾಯ್ ಬ್ಲೂ ತಂಡದ ಹಿಪ್ ಹಾಪ್ ಇದೆ, ಬ್ರೆಜಿಲ್ಲಿನ ಸಾಂಬಾ ತಾಳದ್ದು ಇದೆ, ಅಂಗವಿಕಲ ಕಲಾವಿದರು ಇರುವ ತಂಡದ್ದೂ ಇದೆ. ಇದು ನಿಜಕ್ಕೂ ಒಳ್ಳೆಯ ಪಟ್ಟಿ, ಮೆಚ್ಚಲೇಬೇಕು. ಆದರೆ ಹಿಂದಿನ ಪಟ್ಟಿಯಲ್ಲಿದ್ದ ಭಾರತ ಮೂಲದ ನೃತ್ಯ ಸಂಯೋಜಕಿ ಶೋಬನಾ ಜಯಸಿಂಗ್ ಅವರ ಕೃತಿ ಹೋಯಿತು, ಆ ಜಾಗಕ್ಕೆ ದಕ್ಷಿಣ ಏಷ್ಯಾದ ಇನ್ನೊಂದು ಬರಲಿಲ್ಲ. ನಮ್ಮ ಪಿಯುಸಿಯಂಥ ಎ ಲೆವೆಲ್‌ಗೆ ಹೋದರೆ ಕಥಕ್ ಕಲಿತ ಅಕ್ರಮ್ ಖಾನ್ ಸಿಗುತ್ತಾರೆ. ಅಲ್ಲಿಯವರೆಗೆ ಹೋಗುವ ನಮ್ಮ ಮಕ್ಕಳು ಎಷ್ಟು? ಡಾನ್ಸ್ ಅಂದ ಕೂಡಲೇ 'ಮ್ಯಾಥ್ಸ್ ತಗೋ ಪುಟ್ಟಾ' ಅನ್ನುವವರು ನಾವೇ.

ಕಲಿಸುವವರ ವಿಷಯ. ಬರ್ಮಿಂಗ್‌ಹ್ಯಾಮ್‌ನಲ್ಲಿ 2021ರ ಜನಗಣತಿ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಜನ ಬಿಳಿಯರಲ್ಲ. ನಮ್ಮ ಸ್ಕೂಲಿನಲ್ಲಿ ಮಕ್ಕಳನ್ನು ನೋಡಿದರೆ ಅದು ಸ್ವಲ್ಪ ಕಾಣುತ್ತದೆ, ಟೀಚರ್‌ಗಳನ್ನು ನೋಡಿದರೆ ಕಾಣುವುದೇ ಇಲ್ಲ. ಅದೇ ಊರಿನ ಬರ್ಮಿಂಗ್‌ಹ್ಯಾಮ್ ರಾಯಲ್ ಬ್ಯಾಲೆಗೆ 2020ರಿಂದ ನಿರ್ದೇಶಕರು ಕಾರ್ಲೋಸ್ ಅಕೋಸ್ಟಾ. ಹವಾನಾದ ಬಡ ಬಡಾವಣೆಯ ಲಾರಿ ಡ್ರೈವರ್ ಮಗ. ಬೀದಿ ಸುತ್ತುತ್ತಿದ್ದ ಹುಡುಗನಿಗೆ ಶಿಸ್ತು ಬರಲಿ ಅಂತ ಅಪ್ಪ ಬ್ಯಾಲೆ ಶಾಲೆಗೆ ಹಾಕಿದರು, ಅಲ್ಲಿ ಪಾಠವೂ ಪುಕ್ಕಟೆ, ಊಟವೂ ಪುಕ್ಕಟೆ. ಆ ಹುಡುಗ 1998ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಸೇರಿ ಅಲ್ಲಿನ ಮೊದಲ ಕಪ್ಪು ಮುಖ್ಯ ಡಾನ್ಸರ್ ಆದರು. ಈ ಕಥೆಯಲ್ಲಿ ಎಲ್ಲರೂ ಪ್ರತಿಭೆ ಪ್ರತಿಭೆ ಅನ್ನುತ್ತಾರೆ, ನನಗೆ ಕಾಣುವುದು ಆ ಪುಕ್ಕಟೆ. ಇಲ್ಲಿ ಟರ್ಮ್ ಫೀಸು, ಪರೀಕ್ಷೆ ಫೀಸು, ಯೂನಿಫಾರ್ಮು, ಶೋ ಕಾಸ್ಟ್ಯೂಮು, ಆ ಶೋ ನೋಡೋಕೆ ನಮಗೇ ಟಿಕೆಟ್ಟು. ಬಣ್ಣದ ಬಾಗಿಲು ತೆಗೆದರೂ ದುಡ್ಡಿನ ಬಾಗಿಲು ಹಾಕಿಯೇ ಇರುತ್ತದೆ, ಎರಡರ ಹಿಂದೆಯೂ ಹೆಚ್ಚಾಗಿ ಅದೇ ಮಕ್ಕಳು ನಿಂತಿರುತ್ತಾರೆ.

ಇದು ಗೊತ್ತಿದ್ದೇ ರಾಯಲ್ ಬ್ಯಾಲೆಯವರು 1991ರಲ್ಲಿ ಲಂಡನ್ನಿನ ಸರ್ಕಾರಿ ಪ್ರೈಮರಿ ಶಾಲೆಗಳಿಗೆ ಹೋಗಿ ಮಕ್ಕಳನ್ನು ಹುಡುಕುವ ಯೋಜನೆ ಶುರು ಮಾಡಿದರು. ಬರ್ಮಿಂಗ್‌ಹ್ಯಾಮ್‌ನವರೂ 1997ರಲ್ಲಿ ಡಾನ್ಸ್ ಟ್ರ್ಯಾಕ್ ಅಂತ ಇಂಥದ್ದೇ ಒಂದನ್ನು ತಂದರು. ಆರೇಳು ವರ್ಷದ ಮಕ್ಕಳಿರುವವರು ನಿಮ್ಮ ಶಾಲೆಗೆ ಅವರು ಬರುತ್ತಾರಾ ಅಂತ ಆಫೀಸಿನಲ್ಲಿ ವಿಚಾರಿಸಿ. ನಮ್ಮವರಲ್ಲಿ ಇದನ್ನು ಕೇಳಿದವರೇ ಕಡಿಮೆ.

ಬ್ಯಾಲೆ ಬ್ಲ್ಯಾಕ್ ಹೆಸರು ಮೇಲೆ ಬಂತಲ್ಲ, ಅದನ್ನು ಕಟ್ಟಿದ ಕಾಸಾ ಪಾಂಚೋ ಅವರದೂ ಕಲಿಕೆಯದೇ ಕಥೆ. ಅಪ್ಪ ಅಮ್ಮರಲ್ಲಿ ಒಬ್ಬರು ಟ್ರಿನಿಡಾಡ್ ಕಡೆಯವರು, ಒಬ್ಬರು ಬ್ರಿಟಿಷ್. ಬ್ಯಾಲೆ ಡಿಗ್ರಿ ಓದುವಾಗ ಪ್ರಬಂಧಕ್ಕೆ ಬ್ರಿಟನ್ನಿನ ಕಪ್ಪು ಬ್ಯಾಲೆ ನರ್ತಕಿಯರನ್ನು ಮಾತಾಡಿಸಬೇಕು ಅಂತ ಹೊರಟರು, ಒಬ್ಬರೂ ಸಿಗಲಿಲ್ಲ. 2001ರಲ್ಲಿ ಕಪ್ಪು ಮತ್ತು ಏಷ್ಯನ್ ಮೂಲದವರಿಗಾಗಿಯೇ ತಂಡ ಕಟ್ಟಿದರು, ಮಕ್ಕಳಿಗೆ ಶಾಲೆಯನ್ನೂ ತೆರೆದರು. ನಮ್ಮ ಚರ್ಚ್ ಹಾಲ್‌ನ ಗೋಡೆಯಲ್ಲಿ ಈ ತಂಡದ್ದು ಒಂದು ಪೋಸ್ಟರ್ ಕೂಡ ಇಲ್ಲ. ಇರುವುದು ಹಂಸಗಳು. ಹೋದ ಟರ್ಮ್‌ನಲ್ಲಿ ನೈರೋಬಿಯಲ್ಲಿ ಹುಟ್ಟಿ ರಾಯಲ್ ಬ್ಯಾಲೆಯ ಮುಖ್ಯ ಡಾನ್ಸರ್ ಆದ ಫ್ರಾನ್ಸೆಸ್ಕಾ ಹೇವರ್ಡ್ ಅವರ ಚಿತ್ರ ಒಂದು ಬಂದಿದೆ, ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ. ಇರಲಿ, ಬಂತಲ್ಲ.

ಇನ್ನು ಆ ಕ್ರಿಸ್ಮಸ್ ಶೋ. ಕ್ರಿಸ್ಮಸ್‌ಗೆ ಎಲ್ಲೆಡೆ ಆಡುವ ನಟ್‌ಕ್ರ್ಯಾಕರ್ ಅನ್ನುವ ಬ್ಯಾಲೆಯ ತುಣುಕುಗಳು. ಅದರಲ್ಲಿ ಚೀನಾದ ಟೀ ಡಾನ್ಸ್, ಅರೇಬಿಯಾದ ಕಾಫಿ ಡಾನ್ಸ್ ಬರುತ್ತವೆ ಅಂತ ಗೊತ್ತಿರಬಹುದು. ಟೀಗೆ ಬಂದ ಮಕ್ಕಳಿಗೆ ಪೆನ್ಸಿಲ್‌ನಲ್ಲಿ ಇಳಿಬಿದ್ದ ಮೀಸೆ ಬರೆದಿದ್ದರು, ಎರಡೂ ತೋರುಬೆರಳು ಮೇಲಕ್ಕೆ, ತಲೆ ಅಲ್ಲಾಡಿಸುತ್ತಾ ಬಂದರು. ಕಾಫಿಗೆ ಯಾರನ್ನು ಹಾಕಿರಬಹುದು? ನನ್ನ ಮಗಳು, ಆ ಜಮೈಕಾದವರ ಮಗಳು, ಇನ್ನೊಂದು ಪಾಕಿಸ್ತಾನಿ ಹುಡುಗಿ. ಹೊಟ್ಟೆ ಕಾಣುವ ಮೇಲುಡುಪು, ಬಲೂನ್ ಪ್ಯಾಂಟು. ಮೂರು ಮಕ್ಕಳಿಗೂ ಅರೇಬಿಯಾಕ್ಕೂ ಏನು ಸಂಬಂಧ? ಬೇಕಂತ ಮಾಡಿದ್ದಲ್ಲ ಅಂದರು ಮಿಸ್. ನಂಬುತ್ತೇನೆ. ಬೇಕಂತ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಹಿಂದಿನಿಂದ ಹೀಗೇ ಬಂದಿದೆ ಅನ್ನುವುದಕ್ಕೆ ಏನು ಹೇಳುವುದು?

ಹಿಂದಿನಿಂದ ಬಂದದ್ದನ್ನು ದೊಡ್ಡವರೇ ಬದಲಿಸಿದ್ದಾರೆ. ನ್ಯೂಯಾರ್ಕ್ ಸಿಟಿ ಬ್ಯಾಲೆ 2017ರಲ್ಲಿ ಟೀ ಡಾನ್ಸಿನ ವೇಷ, ಮೀಸೆ ಸರಿಮಾಡಿತು. ಫಿಲ್ ಚಾನ್ ಅನ್ನುವ ಚೀನೀ ಮೂಲದ ಕಲಾವಿದರು ಆ ತಂಡದ ಜಾರ್ಜಿನಾ ಪಜ್ಕೋಗಿನ್ ಜೊತೆ ಸೇರಿ ಇದಕ್ಕಾಗಿ ದೊಡ್ಡ ಅಭಿಯಾನವನ್ನೇ ಮಾಡಿದರು. ಸ್ಕಾಟಿಷ್ ಬ್ಯಾಲೆ 2021ರಲ್ಲಿ ಬದಲಿಸಿತು. ಹಾಗಿರುವಾಗ ಚರ್ಚ್ ಹಾಲ್‌ನ ಶೋನಲ್ಲಿ ಒಂದು ಮೀಸೆ ಅಳಿಸೋಕೆ ಎಷ್ಟು ಹೊತ್ತು?

ನಮಗೆ ಇನ್ನೂ ಹತ್ತಿರದ್ದು ಒಂದಿದೆ. ಲಾ ಬಯಾಡೇರ್ ಅಂತ 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲು ಆಡಿದ ಬ್ಯಾಲೆ. ಕಥೆ ನಡೆಯುವುದು ಭಾರತದಲ್ಲಿ, ನಾಯಕಿ ದೇವಸ್ಥಾನದ ನರ್ತಕಿ, ಒಬ್ಬ ರಾಜ, ರಾಜನ ಮಗಳು, ಹೂಬುಟ್ಟಿಯಿಂದ ಬರುವ ಹಾವು, ಎಲ್ಲ ಇದೆ. ಭಾರತ ಮಾತ್ರ ಇಲ್ಲ. 2019ರಲ್ಲಿ ಮಾಸ್ಕೋದ ಬೊಲ್ಶಾಯ್ ಥಿಯೇಟರಿನ ಇದೇ ಬ್ಯಾಲೆಗೆ ಇಬ್ಬರು ಹುಡುಗಿಯರು ಮುಖ, ಕೈಗೆಲ್ಲ ಕಪ್ಪು ಬಳಿದುಕೊಂಡ ಫೋಟೋವನ್ನು ಮಿಸ್ಟಿ ಕೋಪ್‌ಲ್ಯಾಂಡ್ ಹಂಚಿಕೊಂಡಾಗ ದೊಡ್ಡ ಗಲಾಟೆಯಾಯಿತು. ಕೋಪ್‌ಲ್ಯಾಂಡ್ 2015ರಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಮೊದಲ ಕಪ್ಪು ಮುಖ್ಯ ನರ್ತಕಿಯಾದವರು. ಬೊಲ್ಶಾಯ್‌ನವರು ಮಾತ್ರ ಇದು ನಮ್ಮ ಸಂಪ್ರದಾಯ ಅಂತ ಸಮರ್ಥಿಸಿಕೊಂಡರು. ಮಜಾ ಏನೆಂದರೆ, ಆ ಬ್ಯಾಲೆ ಹುಟ್ಟುವ ಎಷ್ಟೋ ಮೊದಲೇ, 1838ರಲ್ಲಿ, ಪಾಂಡಿಚೇರಿ ಹತ್ತಿರದ ತಿರುವೇಂದಿಪುರದಿಂದ ನಿಜವಾದ ದೇವಸ್ಥಾನದ ನರ್ತಕಿಯರೇ ಪ್ಯಾರಿಸ್ಸಿಗೂ ಲಂಡನ್ನಿಗೂ ಹೋಗಿ ಕುಣಿದು ಬಂದಿದ್ದರು. ಯುರೋಪು ನೋಡಿತ್ತು, ಕಣ್ಣಾರೆ. ಇನ್ನು ನಮ್ಮ ಬೆಂಗಳೂರಿನ ರಾಮ್ ಗೋಪಾಲ್ 1939ರಲ್ಲೇ ಲಂಡನ್ನಿನಲ್ಲಿ ಕುಣಿದು ಹೆಸರು ಮಾಡಿದವರು, 1960ರಲ್ಲಿ ಬ್ಯಾಲೆಯ ಮಹಾತಾರೆ ಅಲಿಷಿಯಾ ಮಾರ್ಕೋವಾ ಜೊತೆ ರಾಧಾ ಕೃಷ್ಣರ ಕಥೆಯನ್ನು ಕುಣಿದವರು. ಬ್ಯಾಲೆ ಕಲಿಯುವ ಕನ್ನಡದ ಮಗುವಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ? ಮಿಸ್‌ಗೆ ಹೇಳಿದೆ, ಬರೆದುಕೊಂಡರು.

ಇಷ್ಟೆಲ್ಲ ಬೈದ ಮೇಲೆ ಭಾನುವಾರದ ಭರತನಾಟ್ಯ ಕ್ಲಾಸನ್ನು ಬಿಟ್ಟರೆ ಅನ್ಯಾಯ. ಅಲ್ಲಿ ಬಣ್ಣದ ಕಷ್ಟ ಇಲ್ಲ ಅಂತ ಎಲ್ಲರೂ ಅನ್ನುತ್ತಾರೆ. ಎಲ್ಲರೂ ನಮ್ಮವರೇ ಅಲ್ವಾ! ವಾರ್ಷಿಕೋತ್ಸವದ ದಿನ ಮೇಕಪ್ ಮಾಡುವವರ ಪೆಟ್ಟಿಗೆ ತೆಗೆದು ನೋಡಿ. ಅದರಲ್ಲಿರುವ ಒಂದೊಂದು ಶೇಡೂ ಕ್ಲಾಸಿನ ಎಲ್ಲ ಮಕ್ಕಳಿಗಿಂತ ಬೆಳ್ಳಗೆ. ಕತ್ತಿನವರೆಗೆ ಗುಲಾಬಿ, ಅದರ ಕೆಳಗೆ ನಮ್ಮ ಮಗು. ಹಾರ್ಲೆಮ್‌ನಲ್ಲಿ ಶೂಗೆ ಫೌಂಡೇಶನ್ ಬಳಿದು ಕಂದು ಮಾಡಿಕೊಂಡರು, ನಾವು ಮುಖಕ್ಕೆ ಬಳಿದು ಗುಲಾಬಿ ಮಾಡುತ್ತೇವೆ. ವೀಡಿಯೊ ಕಾಲ್‌ನಲ್ಲಿ ನಮ್ಮ ಅತ್ತೆ, 'ಮೇಕಪ್ಪಲ್ಲಿ ಎಷ್ಟು ಲಕ್ಷಣವಾಗಿ ಕಾಣ್ತಾಳೆ ನೋಡೇ, ಈಜಿಗೆ ಹೋಗಿ ಹೋಗಿ ಕಪ್ಪಾಗಿಬಿಟ್ಟಿದ್ಲು' ಅಂದರು. ಮಗಳು ಪಕ್ಕದಲ್ಲೇ ಇದ್ದಳು.

ಪಕ್ಕದ ಮನೆಯ ಘಾನಾದವರ ಹುಡುಗಿ ನಮ್ಮವಳನ್ನು ನೋಡಿ ತಾನೂ ಕಲಿಯಬೇಕು ಅಂತ ಸೇರಿದಳು. ಟೀಚರ್ ಖುಷಿಯಿಂದಲೇ ಸೇರಿಸಿಕೊಂಡರು, ತಾಳ ಅವಳಷ್ಟು ಬೇಗ ಹಿಡಿದವರು ಆ ಬ್ಯಾಚಿನಲ್ಲಿ ಯಾರೂ ಇಲ್ಲ. ಆದರೆ ಅಪ್ಪ ಅಮ್ಮಂದಿರ ಮೆಸೇಜ್‌ಗಳೆಲ್ಲ ಕನ್ನಡ, ತಮಿಳು, ತೆಲುಗಿನಲ್ಲಿ, ಅವಳ ಅಮ್ಮನಿಗೆ ಕ್ಲಾಸ್ ರದ್ದಾದ ವಿಷಯವೂ ತಿಳಿಯುತ್ತಿರಲಿಲ್ಲ. ಶೋ ದಿನ ಅವಳಿಗೆ ಹೊಂದುವ ಬಣ್ಣ ಪೆಟ್ಟಿಗೆಯಲ್ಲಿ ಇರಲಿಲ್ಲ. ಅವಳ ಅಮ್ಮ ತಮ್ಮ ಬ್ಯಾಗಿನಿಂದ ತಮ್ಮದೇ ಫೌಂಡೇಶನ್ ತೆಗೆದುಕೊಟ್ಟರು. ನನ್ನ ಮಗಳಿಗೂ ಅದರಲ್ಲೇ ಸ್ವಲ್ಪ ಬೆರೆಸಿ ಹಚ್ಚಿಸಿದೆ, ಆ ದಿನ ಮುಖವೂ ಕತ್ತೂ ಒಂದೇ ಬಣ್ಣ ಇದ್ದದ್ದು ಇವರಿಬ್ಬರದೇ.

ಗೋಡೆಯ ಫೋಟೋಗಳ ವಿಷಯದಲ್ಲೂ ನಾವೇನು ಕಮ್ಮಿಯಿಲ್ಲ. ಮೈಸೂರು ಶೈಲಿಯ ಅಭಿನಯಕ್ಕೆ ಕೆ. ವೆಂಕಟಲಕ್ಷಮ್ಮನವರಿಗಿಂತ ದೊಡ್ಡ ಹೆಸರಿದೆಯಾ? ಕಡೂರಿನ ತಾಂಡಾದ ಲಂಬಾಣಿ ಮನೆಯಲ್ಲಿ 1906ರಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಹತ್ತಿರ ಕಲಿತು, ಅರಮನೆಯ ನರ್ತಕಿಯಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿಸಿ, 1992ರಲ್ಲಿ ಪದ್ಮಭೂಷಣ ಪಡೆದವರು. ಕನ್ನಡದ ಮಕ್ಕಳು ಕಲಿಯುವ ಕ್ಲಾಸಿನಲ್ಲಿ ಅವರ ಹೆಸರು ಹೇಳಿದರೆ ಯಾರು ಅನ್ನುತ್ತಾರೆ. ಅದೇ ಮಕ್ಕಳಿಗೆ 2022ರಲ್ಲಿ ಬಿಬಿಸಿ ಯಂಗ್ ಡಾನ್ಸರ್ ಗೆದ್ದ ಭರತನಾಟ್ಯದ ಅಧ್ಯಾ ಶಾಸ್ತ್ರಿ ಗೊತ್ತು, ಟಿವಿಯಲ್ಲಿ ನೋಡಿದ್ದಾರೆ. ಕಂಡರೆ ತಾನೇ ಗೊತ್ತಾಗೋದು.

ಊರ ಕಡೆ ಸ್ಕೂಲ್ ಡೇ ನೆನಪಿದೆಯಾ? ಮಕ್ಕಳ ಮೈಗೆಲ್ಲ ಕಪ್ಪು ಬಳಿದು, ಸೊಂಟಕ್ಕೆ ಸೊಪ್ಪು ಕಟ್ಟಿ, ಕೈಗೆ ಈಟಿ ಕೊಟ್ಟು 'ಆದಿವಾಸಿ ಡಾನ್ಸ್' ಅಂತ ಮಾಡಿಸುತ್ತಾರಲ್ಲ. ಯಲ್ಲಾಪುರ, ಹಳಿಯಾಳದ ಕಡೆ ಆಫ್ರಿಕಾ ಮೂಲದ ಸಿದ್ದಿಗಳು ತಲೆತಲಾಂತರದಿಂದ ಕನ್ನಡ ನೆಲದಲ್ಲೇ ಇದ್ದಾರೆ, ಡಮಾಮಿ ಬಡಿದು ಕುಣಿಯುತ್ತಾರೆ. ಅವರನ್ನೇ ಕರೆಸಿ ಮಕ್ಕಳಿಗೆ ನಾಲ್ಕು ಹೆಜ್ಜೆ ಕಲಿಸಿ ಅನ್ನಬಹುದು. ನಮಗೆ ಕಪ್ಪು ಬಣ್ಣದ ಡಬ್ಬಿ ಸುಲಭ. ಭಾನುವಾರದ ಕ್ಲಾಸಿಗೂ ಐದಕ್ಕೆ ಮೂರೇ, ಜಾಸ್ತಿ ಕೊಟ್ಟರೆ ಶನಿವಾರದವರು ಕೇಳುತ್ತಾರೆ.

ಸೇರಿಸಬೇಕಾ ಬೇಡವಾ ಅಂದರೆ, ಸೇರಿಸಿ. ಬ್ಯಾಲೆ ನನ್ನ ಮಗಳಿಗೆ ಇಷ್ಟ, ಬೆನ್ನು ನೆಟ್ಟಗಾಗಿದೆ, ಮುಂದಿನ ಟರ್ಮ್ ಫೀಸೂ ಕಟ್ಟಿಯಾಗಿದೆ. ಟ್ರಯಲ್ ಕ್ಲಾಸಿಗೆ ಹೋದಾಗ ಟೈಟ್ಸ್ ಬಣ್ಣದ ಬಗ್ಗೆ ಪಟ್ಟಿಯಲ್ಲಿ ಏನು ಬರೆದಿದೆ ನೋಡಿ, ಹೋದ ವರ್ಷದ ಶೋ ಫೋಟೋ ತೋರಿಸಿ ಅನ್ನಿ, ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. ಈ ಸಲದ ಶೋಗೆ ಟೀ ಡಾನ್ಸ್ ಬದಲು ಬೇರೆ ಏನಾದರೂ ಮಾಡುತ್ತೇವೆ ಅಂತ ಮಿಸ್ ಹೇಳಿದ್ದಾರೆ, ಆಗ ಮಾರ್ಕ್ಸ್ ತಿದ್ದುತ್ತೇನೆ. ಟೈಟ್ಸ್ ಮಾತ್ರ ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಬೇಡಿ. ಅಂಗಡಿಗೆ ಹೋಗಿ ಸ್ಯಾಂಪಲ್ ಬಟ್ಟೆಯನ್ನು ಕಿಟಕಿ ಹತ್ತಿರ ಹಿಡಿದು, ಮಗುವಿನ ಕೈಗಲ್ಲ, ಕಾಲಿಗೆ ಹೋಲಿಸಿ ನೋಡಿ. ಒಮ್ಮೆ ಪ್ಯಾಕೆಟ್ ಒಡೆದರೆ ವಾಪಸ್ ತಗೊಳ್ಳುವುದಿಲ್ಲ.